ಸಂಜೆ ಆರೂವರೆಗೆ ಮನೆ ಸೇರುವ ಅಪ್ಪನಿಗೆ ಎಂಟು ಗಂಟೆಯ ಊಟ

ಪ್ರಶ್ನೆ: ನನಗೆ 38 ವರ್ಷ, ತುಮಕೂರಿನಲ್ಲಿ ಕೆಲಸ. ಹೆಂಡತಿಯ ಪಾಳಿ ಈಚೆಗೆ ಬದಲಾಗಿದೆ. ಮಧ್ಯಾಹ್ನ ಹೋದರೆ ಮನೆಗೆ ಬರುವುದು ರಾತ್ರಿ ಹತ್ತಕ್ಕೆ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ನಾಲ್ಕು. ನಾನು ಆರೂವರೆಗೆ ಮನೆ ಸೇರುತ್ತೇನೆ. ನನಗೆ ಬರುವುದು ಚಹಾ, ಆಮ್ಲೆಟ್ ಮತ್ತು ನೂಡಲ್ಸ್ ಮಾತ್ರ. ಹೋಟೆಲಿನಿಂದ ತರಿಸಿ ತರಿಸಿ ಮಗನ ಹೊಟ್ಟೆಯೂ ತಿಂಗಳ ಲೆಕ್ಕವೂ ಕೆಟ್ಟಿವೆ. ಅಮ್ಮನಿಗೆ ಫೋನ್ ಮಾಡಿದರೆ 'ನೀರು ನೋಡಿಕೊಂಡು ಹಾಕು, ಬೆಂದರೆ ಗೊತ್ತಾಗುತ್ತದೆ' ಎನ್ನುತ್ತಾರೆ. ನನಗೆ ಗೊತ್ತಾಗುವುದಿಲ್ಲ. ಅಳತೆ, ಸಮಯ ಎರಡನ್ನೂ ತಿಳಿಸಿ. ಕೊನೆಗೊಂದು ಆಸೆ: ನನ್ನಂಥವನಿಗೆ ಮುದ್ದೆ ಕಟ್ಟುವುದು ಬಂದೀತೇ?

ಉತ್ತರ: ಬಂದೀತು, ಆದರೆ ಮೊದಲ ವಾರ ಬೇಡ. ಮುದ್ದೆಯ ವಿಚಾರ ಕೊನೆಯಲ್ಲಿ ಹೇಳುತ್ತೇನೆ.

ನಿಮ್ಮ ತಾಯಿಯವರು ಏನನ್ನೂ ಮುಚ್ಚಿಡುತ್ತಿಲ್ಲ. ವರ್ಷಾನುಗಟ್ಟಲೆ ಅದೇ ಪಾತ್ರೆಯಲ್ಲಿ, ಅದೇ ಒಲೆಯ ಮೇಲೆ ಬೇಯಿಸಿದವರಿಗೆ ಅಳತೆ ಕೈಗೆ ಹತ್ತಿರುತ್ತದೆ, ಬಾಯಿಗೆ ಬರುವುದಿಲ್ಲ. ಅವರಿಂದ ವಿಧಾನ ಕೇಳುವುದನ್ನು ಬಿಟ್ಟು ಒಂದು ಡಬ್ಬಿ ಸಾರಿನ ಪುಡಿ ಕೇಳಿ. ಕೊತ್ತಂಬರಿ ಎಷ್ಟು, ಮೆಂತ್ಯ ಎಷ್ಟು, ಎಷ್ಟು ಹುರಿಯಬೇಕು ಎಂಬ ಲೆಕ್ಕವೆಲ್ಲ ಅದರೊಳಗೇ ಇರುತ್ತದೆ. ಮೆಣಸಿನಕಾಯಿ ಮಾತ್ರ ಬ್ಯಾಡಗಿಯದ್ದೇ ಇರಲಿ ಎಂದು ಹೇಳಿ. ಅದು ಬಣ್ಣ ಹೆಚ್ಚು ಕೊಡುತ್ತದೆ, ಖಾರ ಕಡಿಮೆ. ಗುಂಟೂರು ಮೆಣಸಿನಕಾಯಿ ಹಾಕಿದ ಪುಡಿಯ ಸಾರನ್ನು ನಾಲ್ಕು ವರ್ಷದ ಹುಡುಗ ಮೂಸಿಯೂ ನೋಡುವುದಿಲ್ಲ.

ಹೊಸದಾಗಿ ಅಡುಗೆಗೆ ಇಳಿದ ಗಂಡಸರಲ್ಲಿ ನಾನು ಕಂಡ ಚಾಳಿ ಒಂದಿದೆ: ದಿನಕ್ಕೊಂದು ಹೊಸ ಅಡುಗೆ. ಸೋಮವಾರ ಪನೀರ್, ಮಂಗಳವಾರ ಮೊಬೈಲ್ ನೋಡಿಕೊಂಡು ಬಿರಿಯಾನಿ, ಬುಧವಾರ ಸಿಂಕ್ ತುಂಬ ಪಾತ್ರೆ, ಗುರುವಾರ ಮತ್ತೆ ಹೋಟೆಲು. ನೀವು ಈ ದಾರಿ ಹಿಡಿಯಬೇಡಿ. ನಿಮ್ಮ ವಾರವನ್ನು ದಾಟಿಸುವುದು ಬೇಯಿಸಿದ ತೊಗರಿಬೇಳೆ. ಅದೊಂದನ್ನು ಕಣ್ಣು ಮುಚ್ಚಿಕೊಂಡು ಮಾಡುವಷ್ಟು ಕಲಿತರೆ ತೊವ್ವೆ, ಸಾರು, ಹುಳಿ, ಮೊಸೊಪ್ಪು ನಾಲ್ಕೂ ಅದರ ಹಿಂದೆಯೇ ಬರುತ್ತವೆ.

ಅಳತೆಗೆ ಮನೆಯಲ್ಲಿರುವ ಒಂದು ಸ್ಟೀಲ್ ಲೋಟ ಆರಿಸಿಕೊಳ್ಳಿ, ಸುಮಾರು 200 ಮಿಲಿಲೀಟರ್ ಹಿಡಿಯುವಂಥದ್ದು. ಅದನ್ನು ಅಕ್ಕಿ ಡಬ್ಬಿಯೊಳಗೇ ಇಡಿ, ಯಾರೂ ಅದರಲ್ಲಿ ಕಾಫಿ ಕುಡಿಯಬಾರದು. ನಾಲ್ಕು ಜನರ ರಾತ್ರಿ ಊಟಕ್ಕೆ ಒಂದೂವರೆ ಲೋಟ ಸೋನಾ ಮಸೂರಿ, ಅದರ ಎರಡರಷ್ಟು ನೀರು. ಹೊಸ ಅಕ್ಕಿಯಾದರೆ ನೀರು ಸ್ವಲ್ಪ ಕಡಿಮೆ, ಹಳೆಯದಾದರೆ ಸ್ವಲ್ಪ ಹೆಚ್ಚು. ಒಂದು ಲೋಟ ತೊಗರಿಬೇಳೆಗೆ ಎರಡೂವರೆ ಲೋಟ ನೀರು, ಕಾಲು ಚಮಚ ಅರಿಶಿನ, ನಾಲ್ಕು ಹನಿ ಎಣ್ಣೆ. ಎಣ್ಣೆ ಬೇಳೆಯ ನೊರೆಯನ್ನು ತಗ್ಗಿಸುತ್ತದೆ. ನೊರೆ ಉಕ್ಕಿ ಕುಕ್ಕರಿನ ಆವಿ ರಂಧ್ರಕ್ಕೆ ಸಿಕ್ಕಿಕೊಂಡರೆ ಅಪಾಯ. ಇದೇ ಕಾರಣಕ್ಕೆ ಬೇಳೆಯ ಡಬ್ಬಿ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು.

ಐದು ಲೀಟರಿನ ಕುಕ್ಕರ್, ಅದರೊಳಗೆ ಒಂದರ ಮೇಲೊಂದು ಕೂರುವ ಎರಡು ಡಬ್ಬಿ ಇದ್ದರೆ ಸಾಕು. ತಳಕ್ಕೆ ಎರಡು ಲೋಟ ನೀರು, ಕೆಳಗೆ ಬೇಳೆ, ಮೇಲೆ ಅಕ್ಕಿ. ತಳದ ನೀರನ್ನು ಮಾತ್ರ ಮರೆಯಬೇಡಿ.

ಇನ್ನು ಕೂಗಿನ ಲೆಕ್ಕ. 'ನಾಲ್ಕು ಕೂಗು' ಎಂದು ಎಲ್ಲರೂ ಹೇಳುತ್ತಾರೆ, ನಾನು ಹೇಳುವುದಿಲ್ಲ. ಉರಿ ದೊಡ್ಡದಿದ್ದರೆ ಕುಕ್ಕರ್ ಬೇಗ ಬೇಗ ಕೂಗುತ್ತದೆ. ಗ್ಯಾಸ್ಕೆಟ್ ಸಡಿಲವಾಗಿದ್ದರೆ ಕೂಗುವುದೇ ಇಲ್ಲ. ಒಳಗೆ ನಡೆಯುವುದು ಇಷ್ಟು: ಆವಿ ಹೊರಹೋಗದೆ ಒತ್ತಡ ಹೆಚ್ಚಿ, 100 ಡಿಗ್ರಿಗೆ ಕುದಿಯಬೇಕಾದ ನೀರು ಸುಮಾರು 120 ಡಿಗ್ರಿಯವರೆಗೆ ಕಾಯುತ್ತದೆ. ಮೊದಲ ಕೂಗು ಬಂದಾಗ ಒತ್ತಡ ಪೂರ್ತಿಯಾಯಿತು ಎಂದು ಅರ್ಥ. ಅಲ್ಲಿಂದ ಮುಂದೆ ದೊಡ್ಡ ಉರಿ ಇಟ್ಟರೆ ಗ್ಯಾಸ್ ಖರ್ಚೇ ಹೊರತು ಬೇಳೆ ಬೇಗ ಬೇಯುವುದಿಲ್ಲ. ಆದ್ದರಿಂದ ಮೊದಲ ಕೂಗಿಗೆ ಉರಿ ಸಣ್ಣ ಮಾಡಿ, ಗಡಿಯಾರ ನೋಡಿ 12 ನಿಮಿಷ ಬಿಡಿ, ಆರಿಸಿ. ಒತ್ತಡ ತಾನಾಗಿ ಇಳಿದು ವೆಯ್ಟ್ ಎತ್ತಿದಾಗ ಸದ್ದಿಲ್ಲದೆ ಬಂದರೆ ಮಾತ್ರ ಮುಚ್ಚಳ ತೆಗೆಯಿರಿ. ಅವಸರಕ್ಕೆ ಚಮಚದಿಂದ ವೆಯ್ಟ್ ಮೀಟಿ ಮುಚ್ಚಳ ಎಳೆಯುವುದು ಬೇಡವೇ ಬೇಡ.

ಇಷ್ಟು ಮಾಡಿಯೂ ಬೇಳೆ ಕಾಳುಕಾಳಾಗಿ ಉಳಿದರೆ ಕಾರಣ ಮೂರರಲ್ಲೊಂದು. ಬೇಳೆ ಬಹಳ ಹಳೆಯದಿರಬಹುದು. ಟೊಮೆಟೊ, ಹುಣಸೆಹುಳಿ ಮೊದಲೇ ಹಾಕಿರಬಹುದು. ಹುಳಿ ಬಿದ್ದರೆ ಬೇಳೆ ಮೆತ್ತಗಾಗಲು ಒಪ್ಪುವುದಿಲ್ಲ. ಮೂರನೆಯದು ನಿಮ್ಮ ಕಡೆಯ ಬೋರ್‌ವೆಲ್ ನೀರು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಬೇಳೆಯ ತಿರುಳನ್ನು ಬಿಗಿಯಾಗಿಯೇ ಹಿಡಿದಿಡುತ್ತದೆ. ಕುಡಿಯುವ ಶುದ್ಧ ನೀರಿನಲ್ಲಿ ಬೇಯಿಸಿ ನೋಡಿ, ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸಿಟ್ಟರೆ ಇನ್ನೂ ಒಳ್ಳೆಯದು.

ಸಂಜೆಯ ವರಸೆ ಹೀಗಿರಲಿ. ಮನೆಗೆ ಬಂದು ಕೈಕಾಲು ತೊಳೆದವರು ಚಹಾಕ್ಕೆ ಮೊದಲು ಅಕ್ಕಿ ಬೇಳೆ ತೊಳೆದು ಕುಕ್ಕರ್ ಏರಿಸಿ. ಕುಕ್ಕರ್ ಒಲೆಯ ಮೇಲಿದ್ದರೆ ಅರ್ಧ ಅಡುಗೆ ನಡೆಯುತ್ತಲೇ ಇರುತ್ತದೆ. ಆಮೇಲೆ ಕುಳಿತು ಚಹಾ ಕುಡಿಯಿರಿ, ಮಗಳ ಶಾಲೆಯ ಡೈರಿ ನೋಡಿ. ಮಕ್ಕಳಿಗೆ ಆ ಹೊತ್ತಿಗೆ ಬಾಳೆಹಣ್ಣೋ ಒಂದು ಹಿಡಿ ಮಂಡಕ್ಕಿಯೋ ಸಾಕು, ಬಿಸ್ಕತ್ತಿನ ಪೊಟ್ಟಣ ಒಡೆದರೆ ಎಂಟು ಗಂಟೆಗೆ ಹಸಿವೇ ಇರುವುದಿಲ್ಲ. ಮಗನಿಗೆ ಇಡೀ ಕಡಲೆಕಾಯಿ ಬೀಜ ಕೊಡಬೇಡಿ. ಐದು ವರ್ಷದೊಳಗಿನ ಮಕ್ಕಳಿಗೆ ಅದು ಗಂಟಲಿಗೆ ಸಿಕ್ಕಿಕೊಳ್ಳುವ ಭಯವಿದೆ. ಕುಟ್ಟಿ ತರಿ ಮಾಡಿ ಕೊಡಬಹುದು.

ಏಳೂ ಕಾಲರ ಸುಮಾರಿಗೆ ಕುಕ್ಕರ್ ತೆರೆದರೆ ಬೇಳೆಯನ್ನು ಸೌಟಿನ ಬೆನ್ನಿನಿಂದ ಮಸೆದು ಮೂರು ಪಾಲು ಮಾಡಿ. ಒಂದು ಸಣ್ಣ ಪಾಲು ಮಗನಿಗೆ ತೊವ್ವೆ: ಉಪ್ಪು, ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ಚಿಟಿಕೆ ಇಂಗು, ಅಷ್ಟೆ. ಒಂದು ದೊಡ್ಡ ಪಾಲು ಈ ರಾತ್ರಿಯ ಸಾರಿಗೆ. ಉಳಿದದ್ದು ಆರಿದ ಕೂಡಲೇ ಫ್ರಿಜ್‌ಗೆ, ನಾಳೆಗೆ.

ಸಾರಿಗೆ ಎರಡು ಟೊಮೆಟೊ ಹೆಚ್ಚಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣಿನ ರಸ, ಎರಡು ಚಮಚ ಸಾರಿನ ಪುಡಿ, ಒಂದೂವರೆ ಚಮಚ ಉಪ್ಪು, ಅಡಿಕೆಯಷ್ಟು ಬೆಲ್ಲ ಹಾಕಿ ಮೂರು ಲೋಟ ನೀರಿನಲ್ಲಿ ಕುದಿಸಿ. ಇಲ್ಲಿ ಚಮಚ ಎಂದರೆ ಚಹಾ ಚಮಚ. ಹುಣಸೆಯ ಹಸಿ ವಾಸನೆ ಹೋಗುವವರೆಗೆ, ಅಂದರೆ ಏಳೆಂಟು ನಿಮಿಷ, ಬೇಳೆ ಸೇರಿಸಬೇಡಿ. ಸೇರಿಸಿದ ಮೇಲೆ ಒಂದು ಕುದಿ ಬಂದರೆ ಸಾಕು. ಉಪ್ಪು ಹೆಚ್ಚಾದರೆ ಆಲೂಗಡ್ಡೆ ಹಾಕಿ ಎಂದು ಯಾರಾದರೂ ಹೇಳುತ್ತಾರೆ. ಆಲೂಗಡ್ಡೆ ತನ್ನ ಪಾಲಿನ ಉಪ್ಪುನೀರನ್ನು ಹೀರುತ್ತದೆ, ಉಳಿದ ಸಾರು ಅಷ್ಟೇ ಉಪ್ಪಾಗಿರುತ್ತದೆ. ಇನ್ನೊಂದು ಸೌಟು ಬೇಳೆ, ಒಂದಿಷ್ಟು ಬಿಸಿನೀರು ಬೆರೆಸಿ.

ಒಗ್ಗರಣೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಹೊಸಬರ ಸಾರು ಸಪ್ಪೆಯಾಗುವುದೂ ಕಹಿಯಾಗುವುದೂ ಇಲ್ಲಿಯೇ. ಒಗ್ಗರಣೆ ಸೌಟು ಒಣಗಿರಬೇಕು, ಕರಿಬೇವು ಬಟ್ಟೆಯಲ್ಲಿ ಒರೆಸಿರಬೇಕು; ನೀರಿದ್ದರೆ ಎಣ್ಣೆ ಮುಖಕ್ಕೆ ಸಿಡಿಯುತ್ತದೆ. ಇಂಗು, ಮುರಿದ ಬ್ಯಾಡಗಿ, ಕರಿಬೇವು ಮೂರನ್ನೂ ಮೊದಲೇ ತಟ್ಟೆಯಲ್ಲಿ ಇಟ್ಟುಕೊಳ್ಳಿ. ಸಾಸಿವೆ ಸಿಡಿಯಲು ತೊಡಗಿದ ಮೇಲೆ ಇಂಗಿನ ಡಬ್ಬಿ ಹುಡುಕಲು ಹೊತ್ತಿರುವುದಿಲ್ಲ. ಎರಡು ಚಮಚ ಎಣ್ಣೆ ಕಾಯಲು ಬಿಟ್ಟು ಒಂದೇ ಒಂದು ಸಾಸಿವೆ ಕಾಳು ಹಾಕಿ. ಅದು ತಳದಲ್ಲಿ ಸುಮ್ಮನೆ ಕೂತರೆ ಎಣ್ಣೆ ಕಾದಿಲ್ಲ. ಚಿಟ್ಟೆಂದು ಮೇಲೆದ್ದರೆ ಉಳಿದ ಅರ್ಧ ಚಮಚ ಸಾಸಿವೆ ಹಾಕಿ ಮುಚ್ಚಳ ಹಿಡಿಯಿರಿ. ಚಟಪಟ ಸದ್ದು ಏರಿ, ಇಳಿಯತೊಡಗಿದ ಕ್ಷಣ ಒಲೆ ಆರಿಸಿ. ಎಣ್ಣೆಯ ಬಿಸಿಗೇ ಮೆಣಸಿನಕಾಯಿ, ಇಂಗು, ಕೊನೆಗೆ ಕರಿಬೇವು. ಒಲೆ ಉರಿಯುತ್ತಿರುವಾಗಲೇ ಎಲ್ಲವನ್ನೂ ಹಾಕುವ ಚಪಲ ಬೇಡ. ಮೆಣಸಿನಕಾಯಿ ಕಪ್ಪಾದರೆ ಮನೆಮಂದಿಯೆಲ್ಲ ಕೆಮ್ಮುತ್ತಾರೆ, ಸಾರು ಕಹಿಯಾಗುತ್ತದೆ. ಸೌಟನ್ನು ಸಾರಿಗೆ ಇಳಿಸಿ ತಕ್ಷಣ ಮುಚ್ಚಿಬಿಡಿ, ಎರಡು ನಿಮಿಷ ತೆಗೆಯಬೇಡಿ.

ಜೊತೆಗೆ ಪಲ್ಯವಿದ್ದರೆ ಊಟ ಪೂರ್ತಿ. ಕುಕ್ಕರ್ ಒತ್ತಡ ಇಳಿಯುವ ಹೊತ್ತಿನಲ್ಲಿ ಎಲೆಕೋಸು ಸಣ್ಣಗೆ ಹೆಚ್ಚಿ. ಅದಕ್ಕೆ ನೀರೂ ಬೇಕಿಲ್ಲ, ಉಪ್ಪು ಹಾಕಿ ಮುಚ್ಚಿದರೆ ತನ್ನ ನೀರಿನಲ್ಲೇ ಎಂಟು ನಿಮಿಷಕ್ಕೆ ಬೇಯುತ್ತದೆ. ಮೇಲೆ ತೆಂಗಿನತುರಿ. ಬೀನ್ಸ್‌ಗಾದರೆ ನೀರು ಚಿಮುಕಿಸಬೇಕು. ಪಲ್ಯ ಆಗದ ದಿನ ಸೌತೆಕಾಯಿ, ಮೊಸರು ಸಾಕು, ಯಾರೂ ಕೇಳುವುದಿಲ್ಲ.

ಮರುದಿನ ಫ್ರಿಜ್‌ನಲ್ಲಿರುವ ಬೇಳೆಗೆ ಒಂದು ಕಟ್ಟು ಸೊಪ್ಪು, ಕೀರೆಯೋ ದಂಟೋ ಪಾಲಕ್ಕೋ. ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಎರಡು ಹಸಿಮೆಣಸಿನಕಾಯಿಯೊಂದಿಗೆ ಸೊಪ್ಪು ಬೇಯಿಸಿ ಬೇಳೆ ಸೇರಿಸಿ ಮಸೆದರೆ ಮೊಸೊಪ್ಪು. ಹುಳಿಗೆ ಬೇಯುವಾಗಲೇ ಒಂದು ಟೊಮೆಟೊ. ಬೇಳೆ ಈಗಾಗಲೇ ಬೆಂದಿರುವುದರಿಂದ ತೊಂದರೆ ಇಲ್ಲ. ಬೇಯಿಸಿದ ಬೇಳೆ ಫ್ರಿಜ್‌ನಲ್ಲಿ ಎರಡು ದಿನಕ್ಕಿಂತ ಹೆಚ್ಚು ಬೇಡ, ಮತ್ತೆ ಚೆನ್ನಾಗಿ ಕುದಿಸಿಯೇ ಬಳಸಿ.

ಅನ್ನ ಮಿಕ್ಕರೆ ಚಿತ್ರಾನ್ನ ಎಂಬುದು ನಮ್ಮೆಲ್ಲರ ಮನೆಯ ಕಟ್ಟಳೆ. ಆದರೆ ರಾತ್ರಿಯಿಡೀ ಅಡುಗೆ ಕಟ್ಟೆಯ ಮೇಲೆ ಬಿಟ್ಟ ಅನ್ನದಿಂದ ಬೇಡ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಬೆಂದರೂ ಸಾಯುವುದಿಲ್ಲ; ಉಗುರುಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮಗನ ಹೊಟ್ಟೆ ಈಗಾಗಲೇ ಕೆಟ್ಟಿದೆ ಎಂದಿದ್ದೀರಿ. ಮಿಕ್ಕ ಅನ್ನವನ್ನು ಅಗಲ ತಟ್ಟೆಯಲ್ಲಿ ಹರವಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ತಣ್ಣಗಿನ ಅನ್ನ ಉದುರುದುರಾಗಿರುವುದರಿಂದ ಚಿತ್ರಾನ್ನಕ್ಕೆ ಬಿಸಿ ಅನ್ನಕ್ಕಿಂತ ಅದೇ ಲೇಸು. ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಮೊದಲು ಹುರಿದು ತೆಗೆದಿಡಿ, ಮಗನ ಪಾಲಿನದನ್ನು ಕುಟ್ಟಿ. ಅದೇ ಎಣ್ಣೆಗೆ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಹಸಿಮೆಣಸಿನಕಾಯಿ, ಕರಿಬೇವು, ಅರಿಶಿನ, ಉಪ್ಪು. ಅನ್ನ ಹಾಕಿ ಹಬೆಯಾಡುವವರೆಗೆ ಬಿಸಿ ಮಾಡಿ, ಒಲೆ ಆರಿಸಿದ ಮೇಲೆ ನಿಂಬೆರಸ. ಉರಿಯ ಮೇಲೆ ಹಿಂಡಿದರೆ ಘಮ ಹೋಗಿ ಕಹಿ ಉಳಿಯುತ್ತದೆ.

ಬೇಳೆಗೂ ಬೇಸರವಾದ ದಿನ ಅಕ್ಕಿ ರೊಟ್ಟಿ. ಎರಡು ಲೋಟ ಅಕ್ಕಿಹಿಟ್ಟು, ಸಣ್ಣಗೆ ಹೆಚ್ಚಿದ ಈರುಳ್ಳಿ, ಕ್ಯಾರೆಟ್ ತುರಿ, ಸಬ್ಬಸಿಗೆ ಸೊಪ್ಪು, ಜೀರಿಗೆ, ತೆಂಗಿನತುರಿ, ಉಪ್ಪು. ಬಿಸಿನೀರು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಚಪಾತಿ ಹಿಟ್ಟಿಗಿಂತ ಮೆತ್ತಗೆ ಕಲಸಿ. ಕಾದ ಕಾವಲಿಯ ಮೇಲೆ ತಟ್ಟಲು ಹೋದರೆ ಕೈ ಸುಡುತ್ತದೆ, ಹಿಟ್ಟೂ ಹತ್ತುವುದಿಲ್ಲ. ಎಣ್ಣೆ ಸವರಿದ ಬಾಳೆ ಎಲೆಯ ಮೇಲೆ ತಟ್ಟಿ ಕಾವಲಿಗೆ ಮಗುಚಿ ಹಾಕಿ. ತಟ್ಟುವ ಕೆಲಸ ಮಗಳಿಗೆ ಕೊಡಿ, ಒಂಬತ್ತು ವರ್ಷದ ಕೈಗೆ ಅದು ಸಲೀಸು. ಮಗನಿಗೆ ಕರಿಬೇವು ಬಿಡಿಸುವ ಕೆಲಸ, ಒಲೆಯಿಂದ ದೂರ ನೆಲದ ಮೇಲೆ ಕುಳಿತು. ಪಾತ್ರೆಯ ಹಿಡಿಗಳು ಯಾವಾಗಲೂ ಗೋಡೆಯ ಕಡೆಗಿರಲಿ.

ಉಪ್ಪಿಟ್ಟನ್ನು ಮಕ್ಕಳು ಕಾಂಕ್ರೀಟ್ ಎಂದು ಕರೆಯುವುದು ನಿಮಗೂ ಗೊತ್ತು. ಅದಕ್ಕೆ ಕಾರಣ ನೀರಿನ ಜಿಪುಣತನ. ಒಂದು ಲೋಟ ಮಧ್ಯಮ ರವೆಯನ್ನು ಘಮ ಬರುವವರೆಗೆ ಹುರಿದು, ಮೂರು ಲೋಟ ಕುದಿಯುವ ನೀರಿಗೆ ಸಣ್ಣ ಉರಿಯಲ್ಲಿ ಒಂದು ಕೈಯಿಂದ ಸುರಿಯುತ್ತ ಇನ್ನೊಂದು ಕೈಯಿಂದ ತಿರುವಿ, ಮುಚ್ಚಿ ನಾಲ್ಕು ನಿಮಿಷ ಬಿಡಿ. ತಟ್ಟೆಗೆ ಹಾಕುವ ಮುನ್ನ ಒಂದು ಚಮಚ ತುಪ್ಪ. ಆಮ್ಲೆಟ್ ಬರುವ ನಿಮಗೆ ಮೊಟ್ಟೆ ಪಲ್ಯ ಕಲಿಸಬೇಕಾಗಿಲ್ಲ: ಈರುಳ್ಳಿ, ಟೊಮೆಟೊ ಬಾಡಿಸಿ, ಖಾರದ ಪುಡಿ ಹಾಕಿ, ಮೇಲೆ ನಾಲ್ಕು ಮೊಟ್ಟೆ ಒಡೆದು ಕೆದಕಿದರಾಯಿತು. ಜೊತೆಗೆ ಅಂಗಡಿಯ ಅರೆಬೆಂದ ಚಪಾತಿ ತಂದರೆ ಪಾಪವೇನಿಲ್ಲ. ಚಪಾತಿ ಲಟ್ಟಿಸುವುದನ್ನು ರಜೆಯ ದಿನಕ್ಕೆ ಇಟ್ಟುಕೊಳ್ಳಿ.

ಭಾನುವಾರ ಒಂದು ಗಂಟೆ ಕೂತರೆ ವಾರದ ಸಂಜೆಗಳು ಹಗುರವಾಗುತ್ತವೆ. ಎರಡು ತೆಂಗಿನಕಾಯಿ ತುರಿದು ಸಣ್ಣ ಡಬ್ಬಿಗಳಲ್ಲಿ ಫ್ರೀಜರ್‌ಗೆ. ಬೆಳ್ಳುಳ್ಳಿ ಬಿಡಿಸಿಡಿ. ಕರಿಬೇವು, ಕೊತ್ತಂಬರಿ ಸೊಪ್ಪನ್ನು ನೀರಾರಿಸಿ ಕಾಗದ ಹಾಸಿದ ಡಬ್ಬಿಯಲ್ಲಿಡಿ. ಎಲ್ಲಕ್ಕಿಂತ ಮುಖ್ಯವಾಗಿ ವಾರದ ಅಡುಗೆ ಯಾವುದೆಂದು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಹೆಸರುಕಾಳಿನ ಸಾರು ಎಂದು ಬರೆದಿದ್ದರೆ ಬೆಳಿಗ್ಗೆ ಕಾಳು ನೆನೆಹಾಕುವುದು ನೆನಪಾಗುತ್ತದೆ, ಸಂಜೆ ಆರೂವರೆಗೆ ನೆನಪಾದರೆ ಏನು ಉಪಯೋಗ? ಡಬ್ಬಿಗಳ ಮೇಲೆ ಹೆಸರು ಬರೆದುಬಿಡಿ. ಇಂಗು ಎಲ್ಲಿದೆ, ಜೀರಿಗೆ ಎಲ್ಲಿದೆ ಎಂದು ಕೆಲಸದಲ್ಲಿರುವ ಹೆಂಡತಿಗೆ ಫೋನ್ ಮಾಡುತ್ತಿದ್ದರೆ ಅಡುಗೆಯನ್ನು ಅವರೇ ಮಾಡಿದ ಹಾಗೆ.

ಅವರ ಪಾಲನ್ನು ತೆಗೆದಿಡುವಾಗಲೂ ಸ್ವಲ್ಪ ಗಮನ ಬೇಕು. ಸಾರನ್ನು ಸಣ್ಣ ಪಾತ್ರೆಯಲ್ಲಿ ಬೇರೆ ಇಟ್ಟು, ಅವರು ಬಂದ ಮೇಲೆ ಕುದಿಸಿ ಬಡಿಸಿ. ಅನ್ನವನ್ನು ಬಿಸಿಡಬ್ಬಿಗೆ ತುಂಬಿಡಿ. ಪಾತ್ರೆ ತೊಳೆದು ಕಟ್ಟೆ ಒರೆಸುವುದೂ ನಿಮ್ಮದೇ. ಹತ್ತು ಗಂಟೆಗೆ ದಣಿದು ಬಂದವರ ಎದುರು ಸಿಂಕ್ ತುಂಬಿದ್ದರೆ ಬಿಸಿ ಸಾರಿಗೂ ರುಚಿ ಬರುವುದಿಲ್ಲ.

ಮಗ ಊಟ ಬೇಡವೆಂದರೆ ಅವನಿಗೆಂದು ಎರಡನೇ ಅಡುಗೆ ಹೂಡಬೇಡಿ. ತಟ್ಟೆಯಲ್ಲಿ ಅವನಿಗೆ ಗೊತ್ತಿರುವ ಒಂದು ಪದಾರ್ಥ ಇರಲಿ, ತೊವ್ವೆಯೋ ಮೊಸರನ್ನವೋ. ಪಕ್ಕದಲ್ಲಿ ಹೊಸದು ಒಂದು ಚಮಚದಷ್ಟು. ತಿನ್ನದಿದ್ದರೆ ಗದರಬೇಡಿ, ಇನ್ನೊಂದು ದಿನ ಮತ್ತೆ ಬಡಿಸಿ. ಎಂಟು ಹತ್ತು ಸಲ ಕಣ್ಣಿಗೆ ಬಿದ್ದ ಮೇಲೆ ಬಾಯಿಗೆ ಹೋಗುವ ತರಕಾರಿಗಳು ಬಹಳ.

ಅಪಾಯದ ಮಾತು ಚಿಕ್ಕದಾಗಿ: ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು, ಒಲೆ ಆರಿಸಿ ಮುಚ್ಚಳ ಮುಚ್ಚಿ. ಗ್ಯಾಸ್ ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆಯಿರಿ, ದೀಪದ ಸ್ವಿಚ್ ಮುಟ್ಟಬೇಡಿ. ಮಕ್ಕಳೊಂದಿಗೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಈಗ ಮುದ್ದೆ. ಭಾನುವಾರ ಮಧ್ಯಾಹ್ನ, ಹೆಂಡತಿ ಮನೆಯಲ್ಲಿದ್ದು ಮಕ್ಕಳು ಅವರ ಬಳಿ ಇರುವಾಗ ಕಲಿಯಿರಿ, ಏಕೆಂದರೆ ಎರಡು ಕೈಯೂ ಮನಸ್ಸೂ ಬೇಕು. ದಪ್ಪ ತಳದ ಪಾತ್ರೆಯಲ್ಲಿ ಎರಡು ಲೋಟ ನೀರು, ಚಿಟಿಕೆ ಉಪ್ಪು. ಒಂದು ಚಮಚ ರಾಗಿಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಅದಕ್ಕೆ ಬೆರೆಸಿ ಕುದಿಸಿ. ಇದರಿಂದ ಗಂಟಾಗುವುದು ಕಡಿಮೆ. ಚೆನ್ನಾಗಿ ಕುದಿ ಬಂದಾಗ ಒಂದು ಲೋಟ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ, ಕಲಕಬೇಡಿ. ಕೋಲಿನಿಂದ ಗುಡ್ಡೆಯ ಮಧ್ಯೆ ಒಂದು ತೂತು ಮಾಡಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಬಿಡಿ. ನೀರು ಸುತ್ತಲಿಂದ ಉಕ್ಕಿ ಹಿಟ್ಟಿನ ಮೇಲೆ ಬರುತ್ತದೆ. ಆಮೇಲೆ ಪಾತ್ರೆಯನ್ನು ಇಕ್ಕಳದಿಂದ ಬಿಗಿಯಾಗಿ ಹಿಡಿದು ಕೋಲಿನಿಂದ ಜೋರಾಗಿ ತೊಳಸಿ. ಒಣ ಹಿಟ್ಟು ಎಲ್ಲಿಯೂ ಕಾಣಬಾರದು. ನೀರು ಚಿಮುಕಿಸಿ, ಮುಚ್ಚಿ, ಎರಡು ನಿಮಿಷ ಹಬೆಯಲ್ಲಿ ಬಿಟ್ಟು ಇಳಿಸಿ. ಒದ್ದೆ ಕೈಗೆ ಅಂಟದೆ ಹೊಳೆಯುತ್ತಿದ್ದರೆ ಬೆಂದಿದೆ. ಬಿಸಿ ಇರುವಾಗಲೇ ಒದ್ದೆ ಮಣೆಯ ಮೇಲೆ ಉರುಳಿಸಿ ಕಟ್ಟಿ, ಆರಿದರೆ ಬಿರುಕು ಬಿಡುತ್ತದೆ.

ಮೊದಲ ಸಲ ತೆಳ್ಳಗಾಗಿ ಕಟ್ಟಲು ಬಾರದಿದ್ದರೆ ಹಿಟ್ಟು ಸುರಿದು ಸರಿಪಡಿಸಲು ಹೋಗಬೇಡಿ, ಹಸಿ ಹಿಟ್ಟು ಒಳಗೇ ಉಳಿಯುತ್ತದೆ. ಇನ್ನೆರಡು ಲೋಟ ನೀರು ಬೆರೆಸಿ ಕುದಿಸಿ, ಆರಿದ ಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ. ಆ ಮಧ್ಯಾಹ್ನಕ್ಕೆ ಅಂಬಲಿ ಮಾಡಬೇಕೆಂದೇ ಇತ್ತು ಎಂದು ಹೇಳಿಬಿಡಿ.